ಮನಾಲಿ ಅರ್ಥ ಹೇಳದ ಹಾಡು

ಇಚಲಕರಂಜಿಯ ಪವರ್‌ಲೂಮುಗಳ ಗದ್ದಲದಲ್ಲಿ ಬೆಳೆದ ಮನಾಲಿಗೆ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಳ್ಳುವುದು ಕಾಲೇಜಿನಲ್ಲೇ ಅಂಟಿದ ಚಟ. ಅದರಲ್ಲೂ ಪ್ರೋಗ್ರೆಸಿವ್ ರಾಕ್ ಎಂದರೆ ಪ್ರಾಣ. ಅರ್ಧ ತಾಸು ಓಡುವ ಹಾಡುಗಳು. ಒಳಗೆ ಕನಸು, ದೇವತೆ, ಮುಳುಗಿದ ಊರು, ಏನೇನೋ. ಭಾನುವಾರ ಮಧ್ಯಾಹ್ನ ಕೊಲ್ಹಾಪುರದಲ್ಲಿ ಗೆಳೆಯ ಸೌರಭನ ಗಿಟಾರ್ ಅಂಗಡಿಯಲ್ಲಿ ಅಂಥ ಹಾಡಿನ ಹುಚ್ಚಿನವರು ಕೂಡುತ್ತಿದ್ದರು. ಮನಾಲಿ ಸಾಲುಸಾಲಾಗಿ ಅರ್ಥ ಬಿಡಿಸಿ ಹೇಳುತ್ತಿದ್ದಳು.

ಆ ವರ್ಷ ಅವಳನ್ನು ಹಿಡಿದದ್ದು ಯಾವುದೋ ಹೊರದೇಶದ ಸಣ್ಣ ತಂಡದ ಹಾಡು. ನೀರಿನಡಿ ನಿಂತ ಹುಡುಗಿಯೊಬ್ಬಳು, ಒಂದು ಕಾಲಿಗೆ ಮಾತ್ರ ಗೆಜ್ಜೆ, ಮೇಲಿರುವ ತಂಗಿಯನ್ನು ಕರೆಯುತ್ತಾಳೆ. ಕೊನೆಗೆ ಯಾವ ಭಾಷೆಗೂ ಸೇರದ ಗುನುಗು.

“ಆ ಹುಡುಗಿ ಅಂದ್ರ ನಾವು ಮರ್ತಿರೋ ನಮ್ಮ ಮನಸ್ಸು,” ಎಂದಳು ಮನಾಲಿ. ಎಲ್ಲರೂ ತಲೆದೂಗಿದರು.

ದೀಪಾವಳಿಗೆ ಗಡಹಿಂಗ್ಲಜದ ಚಿಕ್ಕಪ್ಪನ ಮನೆಗೆ ಹೋದಾಗ ಅಜ್ಜಿ ಚಂಪಾಬಾಯಿ ಅಕ್ಕಿ ಆರಿಸುತ್ತ ಕೂತಿದ್ದಳು. ಮನಾಲಿ ಮೊಬೈಲಿನಲ್ಲಿ ಅದೇ ಹಾಡು ಹಚ್ಚಿದಳು. ಇಂಗ್ಲಿಷಿನ ಗಂಧವಿಲ್ಲದ ಮುದುಕಿ, ಗುನುಗು ಶುರುವಾಗುತ್ತಲೇ ತಲೆ ಎತ್ತಿ, “ಬಂದ್ನಿ, ತಡಿ,” ಎಂದಳು.

“ಯಾರಿಗಿ ಅಂದಿ, ಆಯಿ?”

“ನಮ್ಮಕ್ಕಗ. ಕರ್ಯಾಕತ್ತಾಳಲ್ಲ, ಕೇಳಸೂದಿಲ್ಲೇನ?”

ಅಜ್ಜಿಗೆ ಅಕ್ಕ ಇದ್ದಳೆಂಬುದನ್ನೇ ಮನಾಲಿ ಕೇಳಿರಲಿಲ್ಲ. ಅಕ್ಕಿಯಿಂದ ಕಣ್ಣು ತೆಗೆಯದೆ ಅಜ್ಜಿ ಹೇಳಿದಳು: ತವರೂರು ಸುಳಕೂಡದ ತೋಟದ ಬಾವಿ, ತಾನಿನ್ನೂ ಚಿಕ್ಕವಳು, ನೀರು ಸೇದಲು ಬಗ್ಗಿದ ಅಕ್ಕ ಕೊಡದ ಜೊತೆಗೇ ಜಾರಿದಳು. “ಮ್ಯಾಲ ತೆಗ್ದಾಗ ಒಂದ ಕಾಲಾಗ ಗೆಜ್ಜಿ ಇದ್ದಿಲ್ಲ.”

ಮನಾಲಿ ತಟ್ಟನೆ ಹಾಡು ನಿಲ್ಲಿಸಿದಳು. ಆದರೆ ಗುನುಗು ನಿಲ್ಲಲಿಲ್ಲ, ಈಗ ಅಜ್ಜಿ ಗುನುಗುತ್ತಿದ್ದಳು. ಹಾಡಿನಲ್ಲಿಲ್ಲದ ಮುಂದಿನ ಸಾಲುಗಳನ್ನು ಅದೇ ಧಾಟಿಯಲ್ಲಿ ಹಾಡುತ್ತ ಹೋದಳು. ನಡುನಡುವೆ ಸುಮ್ಮನಾಗಿ, ಎದುರಿನವರ ಸರದಿ ಮುಗಿಯಲೆಂಬಂತೆ ಕಾದು, ಮತ್ತೆ ಎತ್ತಿಕೊಳ್ಳುತ್ತಿದ್ದಳು.

“ಸಾಕ ಮಾಡ, ಆಯಿ!”

“ಯಾಕ ಹೆದರ್ತಿ? ಇದು ನಮ್ಮಿಬ್ಬರ ಆಟದ ಹಾಡ,” ಎಂದು ಅಜ್ಜಿ ನಕ್ಕಳು. ಆ ನಗು ಸಣ್ಣ ಹುಡುಗಿಯದು.

ಚಳಿ ಕಳೆಯುವ ಮುಂಚೆ ಚಂಪಾಬಾಯಿ ತನ್ನ ಮಂಚದ ಮೇಲೆ ನಿದ್ದೆಯಲ್ಲೇ ತೀರಿಕೊಂಡಳು. ಮೀಯಿಸಲು ಒಳಗೆ ಹೋದ ಸೊಸೆ ಸಾರಿಕಾ ಹಾಗೇ ಹೊರಗೆ ಬಂದಳು. “ಅತ್ತಿ ಕೂದ್ಲ ಆಗ್ಲೇ ತೊಯ್ದಾವಲ್ಲ! ಯಾರ ನೀರ ಹಾಕಿದ್ರಿ?”

ಯಾರೂ ಹಾಕಿರಲಿಲ್ಲ. ಸುದ್ದಿ ಕೇಳಿ ಬಂದಿದ್ದ ಮನಾಲಿ ಮುಟ್ಟಿ ನೋಡಿದಳು. ಬಾವಿಯ ನೀರಿನಷ್ಟು ತಂಪು. ಬೆರಳಿಗೆ ಪಾಚಿಯ ವಾಸನೆ.

ಈಗಲೂ ಅವಳು ಭಾನುವಾರ ಕೊಲ್ಹಾಪುರಕ್ಕೆ ಹೋಗುತ್ತಾಳೆ, ಹಾಡುಗಳಿಗೆ ಅರ್ಥ ಹೇಳುತ್ತಾಳೆ. ಸೌರಭ ಒಮ್ಮೊಮ್ಮೆ ಆ ಹಾಡು ಹಚ್ಚಲು ಕೈ ಚಾಚಿದರೆ, ಅವನ ಕೈ ಹಿಡಿಯುತ್ತಾಳೆ.

“ಅದು ನಮ್ಮನ್ನ ಕರದದ್ದಲ್ಲ. ಬ್ಯಾರೆ ಹಚ್ಚು.”