ಚಂದ್ರಮತಿ ಊದಿದ ಕೊಳವೆಗಳು

ಬನ್ನಿಮಂಟಪದಾಚೆ ಮನೆಗಳು ಮುಗಿದು ಹೊಲ ಶುರುವಾಗುವ ಕಡೆ, ತಗಡಿನ ಮಾಡಿನ ಎರಡು ಶೆಡ್ಡುಗಳಲ್ಲಿ ಮಂದಾರ ಕೇಸಿಂಗ್ ವರ್ಕ್ಸ್ ನಡೆಯುತ್ತಿತ್ತು. ಅಲ್ಲಿ ತಯಾರಾಗುತ್ತಿದ್ದುದು ತೆಳ್ಳನೆಯ, ಕೈಬೆರಳಿಗಿಂತ ಸ್ವಲ್ಪ ದಪ್ಪನೆಯ ಪಾರದರ್ಶಕ ಕೊಳವೆ. ಬೊಂಬಾಯಿಯ ದೊಡ್ಡ ಹೋಟೆಲುಗಳಿಗೆ ಮಾಲು ಒದಗಿಸುವವರು ಅದನ್ನು ಕೊಂಡು, ಕೊಚ್ಚಿದ ಮಾಂಸ ತುಂಬಿ, ಗೇಣುದ್ದಕ್ಕೆ ಒಂದೊಂದು ಗಂಟು ಹಾಕಿ, ಸಾಸೇಜ್ ಎಂದು ಮಾರುತ್ತಿದ್ದರು. ಮೊದಲೆಲ್ಲ ಇದಕ್ಕೆ ಕುರಿಯ ಕರುಳೇ ಆಗಬೇಕಿತ್ತು. ಮಂದಾರದ ಮಾಲೀಕ ಗೋವಿಂದರಾಜು ಕರುಳಿಲ್ಲದೆ ಅದನ್ನು ಮಾಡುತ್ತೇನೆಂದು ಹೊರಟಿದ್ದ.

ಚಂದ್ರಮತಿ ಅಲ್ಲಿಗೆ ಸೇರಿದ್ದು ೧೯೫೮ರಲ್ಲಿ, ಇಪ್ಪತ್ತೊಂಬತ್ತನೆಯ ವಯಸ್ಸಿಗೆ. ಮದುವೆಯಾದ ಎರಡನೆಯ ವರ್ಷ ಗಂಡ ವಿಷಮಶೀತ ಜ್ವರದಲ್ಲಿ ತೀರಿಕೊಂಡಿದ್ದ. ಅರಮನೆಯ ಉಗ್ರಾಣದಲ್ಲಿ ಗುಮಾಸ್ತರಾಗಿದ್ದ ತಂದೆ, ಅಲ್ಲಿಯ ಕೆಲಸಗಾರರನ್ನು ಕಡಿಮೆ ಮಾಡಿದಾಗ ಕೆಲಸ ಕಳೆದುಕೊಂಡು, ಹೆಚ್ಚು ದಿನ ಬದುಕಲಿಲ್ಲ. ಅಗ್ರಹಾರದ ವಠಾರವೊಂದರ ಎರಡು ಕೋಣೆಯ ಮನೆಯಲ್ಲಿ ಉಳಿದವರು ಅವಳು ಮತ್ತು ಅವಳ ತಾಯಿ ಅಂಬುಜಮ್ಮ. ತಾಯಿಗೆ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಮಗಳು ಮಡಿಯಲ್ಲಿ ಬೇಯಿಸಿದ್ದನ್ನು ಬಿಟ್ಟರೆ ಬೇರೆ ಯಾರ ಕೈಯ ನೀರನ್ನೂ ಆಕೆ ಕುಡಿಯುತ್ತಿರಲಿಲ್ಲ. ಮಗಳು ದುಡಿದು ತರದಿದ್ದರೆ ಅಕ್ಕಿಯಿಲ್ಲ, ಮಗಳ ಮಡಿ ಕೆಟ್ಟರೆ ಅಕ್ಕಿ ಇದ್ದೂ ಊಟವಿಲ್ಲ. ಆ ಮನೆ ನಿಂತಿದ್ದುದು ಇಷ್ಟರ ಮೇಲೆ.

ಗೋವಿಂದರಾಜುವಿಗೆ ಅವಳ ತಂದೆಯ ಪರಿಚಯವಿತ್ತು. “ಹತ್ತಿ ಕಣಮ್ಮ, ಬರೀ ಹತ್ತಿಯ ತಿರುಳು. ನಿಮ್ಮ ಮಡಿಗೇನೂ ಬಾಧೆ ಇಲ್ಲ” ಎಂದ. ಆಗ ಅದು ಸುಳ್ಳಾಗಿರಲಿಲ್ಲ. ಹತ್ತಿಯ ತಿರುಳನ್ನು ಕ್ಷಾರದಲ್ಲಿ ಕರಗಿಸಿ, ಜೇನಿನಂತೆ ಮಂದವಾದ ಆ ದ್ರವವನ್ನು ಆಮ್ಲದ ತೊಟ್ಟಿಗೆ ಕೊಳವೆಯಾಗಿ ಇಳಿಸುತ್ತಿದ್ದರು. ಶೆಡ್ಡಿನ ತುಂಬ ಕೊಳೆತ ಮೊಟ್ಟೆಯ ನಾತ. ಅದು ರಾಸಾಯನಿಕದ ವಾಸನೆ, ಮೈಗೆ ಅಂಟುವುದಿಲ್ಲ ಎಂದು ಹೇಳಿದ್ದರು. ಆ ಕೊಳವೆಗೆ ಮುಂದೆ ಯಾರೋ ಮಾಂಸ ತುಂಬುತ್ತಾರೆಂಬುದು ಚಂದ್ರಮತಿಗೆ ಗೊತ್ತಿತ್ತು. ಪಾತ್ರೆ ಮಾರುವವನಿಗೆ, ಕೊಂಡವರು ಅದರಲ್ಲಿ ಏನು ಬೇಯಿಸಿದರೆ ಏನು ಎಂದು ಸಮಾಧಾನ ಮಾಡಿಕೊಂಡಿದ್ದಳು.

ಅವಳ ಕೆಲಸ ಮುಂದಿನ ಶೆಡ್ಡಿನ ತಪಾಸಣೆಯ ಮೇಜಿನಲ್ಲಿ. ಉದ್ದನೆಯ ಮೇಜಿನ ಇಬ್ಬದಿಯಲ್ಲಿ ಹತ್ತು ಹೆಂಗಸರು. ಒಂದು ಮಾರುದ್ದದ ಕೊಳವೆಯ ಒಂದು ತುದಿಗೆ ದಾರ ಕಟ್ಟಿ, ಇನ್ನೊಂದು ತುದಿಯನ್ನು ತುಟಿಗಿಟ್ಟು ಊದಬೇಕು. ಉಬ್ಬಿದ ಕೊಳವೆಯನ್ನು ಕೆನ್ನೆಯ ಪಕ್ಕದಲ್ಲಿ ನಿಧಾನವಾಗಿ ಎಳೆಯಬೇಕು. ಕಣ್ಣಿಗೆ ಕಾಣದ ತೂತನ್ನು ಕೆನ್ನೆ ಹಿಡಿಯುತ್ತದೆ. ಸೂಜಿಮೊನೆಯಷ್ಟು ಗಾಳಿ ತಾಗಿದರೂ ಆ ಕೊಳವೆ ಕಸಕ್ಕೆ. ಗಾಳಿಯ ಯಂತ್ರವೊಂದನ್ನು ತರಿಸಿದ್ದರು. ಅದು ಹತ್ತರಲ್ಲಿ ನಾಲ್ಕನ್ನು ಒಡೆದು ಹಾಕಿತು. ಬಾಯಿಯ ಹದ ಯಂತ್ರಕ್ಕಿಲ್ಲ ಎಂದು ಅದನ್ನು ಮೂಲೆಗೆ ತಳ್ಳಿದರು. ಗಟ್ಟಿಯಾಗಲೆಂದು ಹಾಕಿದ ಫಾರ್ಮಲಿನ್ ಹೆಂಗಸರ ತುಟಿ ಸುಟ್ಟು ಸಿಪ್ಪೆ ಏಳಿಸುತ್ತಿತ್ತು. ಮೃದುವಾಗಲೆಂದು ಅದ್ದಿದ ಗ್ಲಿಸರಿನ್‌ನ ಸಿಹಿ ನಾಲಿಗೆಯ ಮೇಲೆ ಸಂಜೆಯವರೆಗೂ ಇರುತ್ತಿತ್ತು.

ಒಬ್ಬಳು ಊದಿ ನೋಡಿದ್ದನ್ನು ಪಕ್ಕದವಳು ಇನ್ನೊಮ್ಮೆ ಊದಿ ನೋಡಬೇಕೆಂಬ ನಿಯಮ ಬಂದದ್ದು ೧೯೬೦ರ ಕೊನೆಗೆ. ಚಂದ್ರಮತಿ ಎಡವಿದ್ದು ಇಲ್ಲಿ. ಇನ್ನೊಬ್ಬರ ಬಾಯಿ ತಾಗಿದ್ದಕ್ಕೆ ಅವಳು ತುಟಿ ಇಡಲಾರಳು.

ಪಕ್ಕದಲ್ಲಿ ಕೂರುತ್ತಿದ್ದವಳು ಹಿನಕಲ್ಲಿನ ಚಾಮುಂಡಮ್ಮ, ಒಕ್ಕಲು ಮನೆಯ ಹೆಂಗಸು, ಮೂರು ಮಕ್ಕಳ ತಾಯಿ. ಅವಳ ಬಾಯಿಗೆ ಬಿಡುವಿರಲಿಲ್ಲ.

“ಏನ್ ಅಮ್ಮಾವ್ರೇ, ನಿಮ್ ಎಂಜ್ಲು ನಾನು ಊದ್ಬೋದು, ನನ್ ಎಂಜ್ಲು ನೀವು ಊದಕ್ಕಿಲ್ವಾ? ನಾನೇನು ಹಾವಾ, ಹಲ್ಲಲ್ಲಿ ವಿಷ ಇಟ್ಕಂಡಿವ್ನಾ?”

“ಹಾಗಲ್ಲ ಚಾಮುಂಡಮ್ಮ. ನನ್ನ ಸ್ವಂತ ಅಕ್ಕನದ್ದಾದರೂ ನಾನು ಊದಲ್ಲ.”

“ಅಂಗಾದ್ರೆ ಸರಿ ಬುಡಿ. ಅಕ್ಕನ್ ಜೊತೇಲೇ ನಮ್ಮನ್ನೂ ದೂರ ಮಡಗವ್ರೆ ಕಣ್ರೇ, ದೊಡ್ ಮರ್ವಾದೆ!” ಎಂದು ಚಾಮುಂಡಮ್ಮ ಮೇಜಿಗೆಲ್ಲ ಕೇಳುವಂತೆ ಹೇಳುತ್ತಿದ್ದಳು. ಹೆಂಗಸರು ನಗುತ್ತಿದ್ದರು. ಚಂದ್ರಮತಿಯೂ ನಗುತ್ತಿದ್ದಳು. ಆದರೆ ಮಣಿಯಲಿಲ್ಲ. ಮನೆಯಿಂದ ಹಿತ್ತಾಳೆಯ ಚೊಂಬೊಂದನ್ನು ತಂದು ಮೇಜಿನ ಕೆಳಗಿಟ್ಟುಕೊಂಡಳು. ಚಾಮುಂಡಮ್ಮ ಊದಿ ಕೊಟ್ಟ ಕೊಳವೆಗಳಿಗೆ ಮೇಸ್ತ್ರಿಯ ಕಣ್ಣು ತಪ್ಪಿಸಿ ನೀರು ಹೊಯ್ಯುವಳು. ಹೊರಗಡೆ ಮಾತ್ರವಲ್ಲ, ಇನ್ನೊಬ್ಬರ ಉಸಿರು ಒಳಕ್ಕೂ ಹೋಗಿದೆಯಲ್ಲ ಎಂದು ಒಳಗಡೆಗೂ ಎರಡು ಸಲ ನೀರು ಹಾಯಿಸಿ, ಕೊಡವಿ, ತಂತಿಯ ಮೇಲೆ ಆರಹಾಕಿ, ಆಮೇಲೆ ಊದುವಳು. ಹೀಗೆ ತೊಳೆದ ಕೊಳವೆಗಳು ಅವಳ ಏಳನೆಯ ನಂಬರಿನ ಕಾಗದದ ಪಟ್ಟಿ ಸುತ್ತಿಸಿಕೊಂಡು ಬೊಂಬಾಯಿಗೆ ಹೋದವು.

ಹಿಂದಿನ ಶೆಡ್ಡಿಗೂ ಮುಂದಿನ ಶೆಡ್ಡಿಗೂ ನಡುವೆ ಆಳೆತ್ತರದ ಗೋಡೆ. ಹಿಂದಿನ ಶೆಡ್ಡಿನ ಕೆಲಸಗಾರರಿಗೆ ಬೇರೆ ಬಾಗಿಲು. ಅವರಲ್ಲಿ ಹಿರಿಯವನು ಜವರಯ್ಯ. ಮೊಣಕೈವರೆಗೆ ಸುಣ್ಣ ತಿಂದು ಬೆಳ್ಳಗಾದ ಕೈಗಳು, ಸೀಳಿದ ಉಗುರುಗಳು. ಗ್ಲಿಸರಿನ್ ಡಬ್ಬ ಒಯ್ಯಲು ಅವನು ಈ ಕಡೆ ಬಂದರೆ ಚಂದ್ರಮತಿ ಸೆರಗನ್ನು ಮೈಗೆ ಬಿಗಿಯಾಗಿ ಎಳೆದುಕೊಂಡು ಗೋಡೆಯ ಕಡೆ ತಿರುಗಿ ನಿಲ್ಲುತ್ತಿದ್ದಳು. ಅವನು ಹಾದುಹೋದ ಜಾಗಕ್ಕೆ ಸ್ವಲ್ಪ ಹೊತ್ತು ಕಾಲಿಡುತ್ತಿರಲಿಲ್ಲ.

೧೯೬೧ರ ಆರಂಭದಲ್ಲಿ ಬೊಂಬಾಯಿಯಿಂದ ಎರಡು ಪೆಟ್ಟಿಗೆ ಮಾಲು ವಾಪಸು ಬಂತು. ಕೀಮಾ ತುಂಬುವ ಮೊದಲೇ ಕೊಳವೆಗಳು ಬಿರಿಯುತ್ತಿವೆ ಎಂಬ ದೂರು. ಬಿರಿದವೆಲ್ಲ ಏಳನೆಯ ನಂಬರಿನವು.

ಕಾರ್ಖಾನೆಯ ಕೆಮಿಸ್ಟ್ ಲಕ್ಷ್ಮೀನರಸಿಂಹ ಒಂದು ಕಟ್ಟು ಹಿಡಿದುಕೊಂಡು ಮೇಜಿಗೆ ಬಂದ. ಚಂದ್ರಮತಿಯ ಜನದವನೇ, ಅದೇ ಅಗ್ರಹಾರದ ಕಡೆಯವನು. ಬಿ.ಎಸ್ಸಿ. ಓದಿದವನು. ಮೆತ್ತನೆಯ ಮಾತು.

“ಇದನ್ನ ನೀರಲ್ಲಿ ಏನಾದರೂ ತೊಳೆದಿರಾ?”

“ತೊಳೆದೆ.”

“ಯಾಕೆ?”

“ಎಂಜಲಾಗಿತ್ತು.”

ಅವನು ತಡೆಯಲಾರದೆ ನಕ್ಕ. “ಅಲ್ಲಮ್ಮ, ನಾವು ಹಾಕಿದ ಗ್ಲಿಸರಿನ್ನೆಲ್ಲ ನೀವು ತೊಳೆದು ಚೆಲ್ಲಿದ್ದೀರಲ್ಲ! ಅದಿಲ್ಲದೆ ಒಣಗಿದರೆ ಚರ್ಮ ಬಿರಿಯದೆ ಇರತ್ತಾ?”

“ಯಾವ ಚರ್ಮ?”

“ಇದೇ.” ಅವನು ಕಟ್ಟನ್ನು ಮೇಲೆತ್ತಿ ತೋರಿಸಿದ.

“ಇದು ಹತ್ತಿ.”

“ಹತ್ತಿ ನಿಂತು ಎರಡು ವರ್ಷದ ಮೇಲಾಯ್ತಲ್ಲ. ಹತ್ತಿಯ ಕೊಳವೆಯನ್ನ ತಿನ್ನಕ್ಕಾಗಲ್ಲ, ಸುಲಿದು ಬಿಸಾಡಬೇಕು ಅಂತ ಗಿರಾಕಿಗಳು ತಕರಾರು ಮಾಡಿದರು. ಇದಾದರೆ ಹಾಗೇ ತಿನ್ನಬಹುದು. ನಿಮಗೆ ಗೊತ್ತಿಲ್ವೇ?”

“ಯಾವುದರ ಚರ್ಮ?”

ಅವನ ನಗು ನಿಂತಿತು. ಕನ್ನಡಕ ತೆಗೆದು ಒರೆಸಿಕೊಂಡ. “ದನದ್ದು” ಎಂದ. ಮೇಜಿನ ಸುತ್ತ ಮಾತು ನಿಂತುಹೋಗಿದ್ದರಿಂದ, “ಎಮ್ಮೆದೂ ಇರತ್ತೆ” ಎಂದು ಸೇರಿಸಿದ.

ಚಂದ್ರಮತಿ ಎದ್ದು ನಲ್ಲಿಯ ಹತ್ತಿರ ಹೋದಳು. ಮೊದಲು ನೀರಿನಿಂದ, ಆಮೇಲೆ ಗೋಡೆಯ ಬುಡದಲ್ಲಿ ಬಿದ್ದಿದ್ದ ಇಟ್ಟಿಗೆಯ ಪುಡಿಯಿಂದ ತುಟಿ ಉಜ್ಜಿಕೊಂಡಳು. ಸಿಪ್ಪೆ ಎದ್ದಿದ್ದ ತುಟಿ ಒಡೆದು ರಕ್ತ ಬಂತು. ನಾಲಿಗೆಯನ್ನೂ ಉಜ್ಜಿದಳು. ಹೊಟ್ಟೆಯೊಳಗಿದ್ದುದೆಲ್ಲ ಹೊರಕ್ಕೆ ಬಂದ ಮೇಲೂ ಬಗ್ಗಿಯೇ ನಿಂತಿದ್ದಳು. ಚಾಮುಂಡಮ್ಮ ಅವಳ ಬೆನ್ನು ಸವರಲು ಬಂದವಳು, ತಾನೂ ಗೋಡೆ ಹಿಡಿದು ಕಕ್ಕಿದಳು.

“ಕುರಿ ಕೋಳಿ ತಿನ್ನೋರೇ ಕಣವ್ವ ನಾವು. ಬೇಯಿಸ್ದಲೆ ಬಾಯಿಗೆ ಮಡಗ್ತೀವಾ? ಅದೂ ಬಸವಣ್ಣಂದು! ಥೂ, ಇವ್ರ ವಂಶಕ್ಕಿಷ್ಟು.”

ಚಂದ್ರಮತಿ ಗೋಡೆಯ ಆಚೆಯ ಬಾಗಿಲಿಗೆ ನಡೆದಳು. ಕಣ್ಣಾರೆ ನೋಡದೆ ಹಿಂದಿರುಗಬಾರದು ಎಂದಷ್ಟೇ ಅವಳಿಗೆ ಅನ್ನಿಸಿದ್ದು.

ಹಿಂದಿನ ಶೆಡ್ಡಿನಲ್ಲಿ ಸಿಮೆಂಟಿನ ನಾಲ್ಕು ತೊಟ್ಟಿ. ಚರ್ಮ ಹದ ಮಾಡುವ ಕಾರ್ಖಾನೆಗಳು ಅದನ್ನು ಸೀಳಿ, ಮೇಲ್ಪದರವನ್ನು ಬೂಟಿಗೆ ಇಟ್ಟುಕೊಂಡು, ಒಳಪದರವನ್ನು ಗೋಣಿಯಲ್ಲಿ ಸುತ್ತಿ ಇಲ್ಲಿಗೆ ಕಳಿಸುತ್ತಿದ್ದವು. ಅದು ಸುಣ್ಣದ ನೀರಿನಲ್ಲಿ ಎರಡು ವಾರ ಊದಿಕೊಂಡು ಕೋಸಂಬರಿಯ ಸೌತೆಯ ಬಣ್ಣಕ್ಕೆ ತಿರುಗುತ್ತಿತ್ತು. ಅಂಚಿನಲ್ಲಿ ಅಂಟಿದ್ದ ಕೊಬ್ಬು ಹಳದಿ ಲೋಳೆಯಾಗಿ ನೀರಿನ ಮೇಲೆ ತೇಲುತ್ತಿತ್ತು, ಅದರ ಮೇಲೆ ನೊಣಗಳ ಪದರ. ತೊಳೆದು, ಆಮ್ಲದಲ್ಲಿ ಉಬ್ಬಿಸಿ, ಮಂಜುಗಡ್ಡೆಯೊಂದಿಗೆ ಅರೆದ ಹಿಟ್ಟು ಇನ್ನೊಂದು ಮೂಲೆಯಲ್ಲಿ ಬಿಳಿಯ ಮುದ್ದೆಯಾಗಿ ಕೂತಿತ್ತು. ಅದನ್ನು ಒತ್ತುಶ್ಯಾವಿಗೆಯಂತೆ ಹಿತ್ತಾಳೆಯ ಬಿಲ್ಲೆಯ ಮೂಲಕ ಉಪ್ಪುನೀರಿಗೆ ಒತ್ತುತ್ತಿದ್ದರು. ಕೊಳವೆ ಹೊರಗೆ ಬಂದು, ಕಟ್ಟಿಗೆಯ ಹೊಗೆಯನ್ನು ನೀರಿಗಿಳಿಸಿ ಮಾಡಿದ ರಸದಲ್ಲಿ ಅದ್ದಿಸಿಕೊಂಡ ಮೇಲೆ, ಇಷ್ಟೆಲ್ಲ ನಾತ ಅಡಗಿ ಒಳ್ಳೆಯ ಕಟ್ಟಿಗೆಯ ವಾಸನೆ ಮಾತ್ರ ಉಳಿಯುತ್ತಿತ್ತು. ಮುಂದಿನ ಶೆಡ್ಡಿನವರು ಈ ನಾತವನ್ನು ಎರಡು ವರ್ಷ ಗೋಡೆಯಾಚೆಯಿಂದ ಸಹಿಸಿದ್ದರು. ಹತ್ತಿಯ ಕಾಲದ ನಾತಕ್ಕೆ ಮೂಗು ಒಗ್ಗಿದ್ದರಿಂದ, ಹೊಸದನ್ನೂ ರಾಸಾಯನಿಕದ್ದೇ ಎಂದುಕೊಂಡಿದ್ದರು.

ಜವರಯ್ಯ ತೊಟ್ಟಿಯಿಂದ ಒಂದು ಹಾಳೆಯನ್ನು ಎಳೆದು ಮರದ ದಿಮ್ಮಿಯ ಮೇಲೆ ಹಾಸುತ್ತಿದ್ದ.

“ನಾವು ಊದೋದು ಇದನ್ನೇ ಅಂತ ನಿನಗೆ ಗೊತ್ತಿತ್ತೇ?” ಎಂದು ಅವಳು ಕೇಳಿದಳು. ಅವನೊಂದಿಗೆ ಅವಳು ಆಡಿದ ಮೊದಲ ಮಾತು ಅದು.

“ಗೊತ್ತಿಲ್ದೇ ಏನವ್ವ? ನಾನೇ ಅಲ್ವಾ ತೊಳ್ದು ಕಳ್ಸೋದು.”

“ಒಂದು ಮಾತು ಹೇಳಬಾರದಾಗಿತ್ತೇ?”

“ನಾ ಬತ್ತಿದ್ದಂಗೇ ನೀವು ಸೆರಗು ಎಳ್ಕಂಡು ಗ್ವಾಡೆ ಕಡೀಕೆ ತಿರುಗ್ಬುಡ್ತಿದ್ರಿ. ಗ್ವಾಡೆಗೆ ಹೇಳ್ಬೇಕಿತ್ತಾ?” ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಅಂಚಿನ ಕೊಬ್ಬನ್ನು ಚೂರಿಯಿಂದ ಹೆರೆಯತೊಡಗಿದ.

ಅವನ ಕೈಯನ್ನು ನೋಡಿ ಮತ್ತೆ ಹೇಸಿಗೆಯಾಯಿತು ಎಂಬುದನ್ನು ಅವಳು ಮುಂದೆಯೂ ಮುಚ್ಚಿಡಲಿಲ್ಲ. ನ್ಯಾಯ ಅವನ ಕಡೆ ಇದೆ ಎಂದು ತಿಳಿದದ್ದಕ್ಕೂ ಅದಕ್ಕೂ ಸಂಬಂಧವಿರಲಿಲ್ಲ.

ಸಂಜೆ ಗೋವಿಂದರಾಜು ಕರೆಸಿದ. ಹಾಳಾದ ಮಾಲಿನ ಬಗ್ಗೆ ಅವನು ಹೆಚ್ಚು ಕೂಗಾಡಲಿಲ್ಲ. ಹತ್ತಿ ಎಂದು ಹೇಳಿದವನು ತಾನೇ ಎಂಬುದು ಅವನಿಗೆ ನೆನಪಿತ್ತು.

“ಇನ್ನು ನಾನು ಊದಲ್ಲ. ಕಟ್ಟು ಕಟ್ಟೋದು, ಚೀಟಿ ಅಂಟಿಸೋದು, ಏನಾದರೂ ಬೇರೆ ಕೊಡಿ.”

“ಅದಕ್ಕೆಲ್ಲ ಜನ ಇದ್ದಾರಮ್ಮ. ಊದೋದಕ್ಕಾದರೆ ಬನ್ನಿ. ಇಲ್ಲವಾದರೆ ಹಿಂದುಗಡೆ ತೊಟ್ಟೀಲಿ ಚರ್ಮ ತೊಳೆಯೋರು ಬೇಕು. ಹೋಗ್ತೀರಾ?” ಆ ಮಾತು ಕೇಳಿದರೆ ತೆಪ್ಪಗೆ ಮೇಜಿಗೆ ಮರಳುತ್ತಾಳೆ ಎಂದುಕೊಂಡಿದ್ದ.

ಹೊರಗೆ ಲಕ್ಷ್ಮೀನರಸಿಂಹ ಕಾದಿದ್ದ. “ತಪ್ಪು ತಿಳೀಬೇಡಿ. ಅದು ಬರೀ ಪ್ರೋಟೀನು. ಅಷ್ಟೊಂದು ಆಮ್ಲ, ಕ್ಷಾರ, ಫಾರ್ಮಲಿನ್ ಕಂಡ ಮೇಲೆ ಅದರಲ್ಲಿ ದನ ಎಲ್ಲಿ ಉಳೀತು? ಮೇಜಿನಲ್ಲೇ ಇರಿ. ಮೈಗೆ ವಾಸನೆ ಬರಲ್ಲ, ನಿಮ್ಮ ತಾಯಿಗೆ ಗೊತ್ತಾಗೋ ಹಾಗೇ ಇಲ್ಲ. ಹಿಂದುಗಡೆ ಹೋದರೆ ಒಂದೇ ದಿನಕ್ಕೆ ಗೊತ್ತಾಗತ್ತೆ.”

“ನೀವು ಊದ್ತೀರಾ?”

“ನಾನ್ಯಾಕೆ ಊದಲಿ? ನನ್ನ ಕೆಲಸ ಅದಲ್ಲವಲ್ಲ.”

ಆ ರಾತ್ರಿ ಅವಳು ಅಡಿಗೆ ಮಾಡಲಿಲ್ಲ. ಹೊರಗಾಗಿದ್ದೇನೆಂದು ಸುಳ್ಳು ಹೇಳಿ ಮೂಲೆಯಲ್ಲಿ ಕೂತಳು. ತಾಯಿ ತಾನೇ ಅವಲಕ್ಕಿ ನೆನೆಸಿಕೊಂಡು ತಿಂದಳು. ಆ ಸುಳ್ಳಿಗೆ ಮೂರು ದಿನದ ಆಯುಸ್ಸಿತ್ತು. ಮೂರು ದಿನವೂ ಅವಳು ಕಾರ್ಖಾನೆಗೆ ಹೋಗಲಿಲ್ಲ. ಸೂಜಿ ಕೆಲಸ ಕೇಳಿಕೊಂಡು ಎರಡು ಮನೆಗೆ, ಅಡಿಗೆ ಕೆಲಸ ಕೇಳಿಕೊಂಡು ಒಂದು ಮನೆಗೆ ಹೋದಳು. ಅಡಿಗೆ ಕೆಲಸದ ಮನೆಯವರು ಒಪ್ಪಿದ್ದರು. ನಾಳೆ ಬೆಳಗ್ಗೆ ಬಾ ಎಂದಾಗ, ಆ ಬಾಯಿಯನ್ನಿಟ್ಟುಕೊಂಡು ಇನ್ನೊಬ್ಬರ ದೇವರ ಮನೆಯ ಪಕ್ಕ ನೈವೇದ್ಯಕ್ಕೆ ಬೇಯಿಸಲಾರೆ ಎಂದು ಅವಳಿಗೇ ಅನ್ನಿಸಿ, ಹೇಳದೆ ಬಂದುಬಿಟ್ಟಳು.

ನಾಲ್ಕನೆಯ ದಿನ ಅವಳು ಹಿಂದಿನ ಶೆಡ್ಡಿನ ಬಾಗಿಲಿನಿಂದ ಒಳಗೆ ಹೋದಳು. ಕಾರಣ ಕೇಳಿದ ಚಾಮುಂಡಮ್ಮನಿಗೆ, “ಕೈಯಾದರೆ ತೊಳೆದುಕೋಬಹುದು” ಎಂದಳು. ಚಾಮುಂಡಮ್ಮ ಮೇಜಿನಲ್ಲೇ ಉಳಿದಳು. ಮೂರು ಮಕ್ಕಳಿದ್ದವಲ್ಲ. ಉಳಿದವರೂ ಊದುವುದನ್ನು ಬಿಡಲಿಲ್ಲ. ಊದುವ ನಡುವೆ ಮಾತಾಡುವುದನ್ನು ಬಿಟ್ಟರು.

ಜವರಯ್ಯ ಅವಳನ್ನು ನೋಡಿ ಆಶ್ಚರ್ಯವನ್ನೇನೂ ತೋರಿಸಲಿಲ್ಲ. “ಸುಣ್ಣಕ್ಕೆ ಇಳಿಯೋಕೆ ಮುಂಚೆ ಕೈಗೆ ಹರಳೆಣ್ಣೆ ಹಚ್ಕಳಿ. ಹುಣ್ಣಿದ್ರೆ ಇವತ್ತು ಬ್ಯಾಡ” ಎಂದು ಹೇಳಿ ತನ್ನ ತೊಟ್ಟಿಗೆ ಹೋದ. ಮೊದಲ ಹಾಳೆ ಎತ್ತಿದಾಗ ಅದು ತೋಳಿನ ಮೇಲೆ ಜಾರಿ, ತಣ್ಣಗೆ, ಭಾರವಾಗಿ ಎದೆಗೆ ಒರಗಿತು. ಅವಳು ಅದನ್ನು ಬಿಟ್ಟು ಹೊರಗೆ ಓಡಿದಳು, ವಾಂತಿ ಮಾಡಿಕೊಂಡಳು, ಮರಳಿ ಬಂದಳು. ಆ ದಿನ ಹಾಗೆ ಐದು ಸಲ ಆಯಿತು.

ಸಂಜೆ ಸೀಗೆಕಾಯಿ ಹಾಕಿ ಎರಡು ಸಲ ಸ್ನಾನ ಮಾಡಿಕೊಂಡು ಅಡಿಗೆಮನೆಯ ಹೊಸ್ತಿಲ ಹೊರಗೇ ನಿಂತಳು. ಅಂಬುಜಮ್ಮನ ಮೂಗಿಗೆ ಪೊರೆ ಬಂದಿರಲಿಲ್ಲ.

“ಏನೇ ಇದು ನಾತ?”

“ಚರ್ಮದ್ದಮ್ಮ. ದನದ ಚರ್ಮ ತೊಳೆಯೋ ಕೆಲಸ.”

ತಾಯಿ ಸೆರಗನ್ನು ಮೂಗಿಗೆ ಹಿಡಿದಳು. “ಎಷ್ಟು ದಿನದಿಂದ?”

“ತೊಳೆದದ್ದು ಇವತ್ತಿನಿಂದ. ಬಾಯಿಟ್ಟು ಊದಿದ್ದು ಎರಡು ವರ್ಷ. ಹತ್ತಿ ಅಂದಿದ್ದರು.”

ಅಂಬುಜಮ್ಮ ಗೋಡೆ ಹಿಡಿದುಕೊಂಡು ಹಿತ್ತಲಿಗೆ ಹೋದಳು. ಮಗಳು ಕೈ ಕೊಡಲು ಹೋದಾಗ “ಬರಬೇಡ” ಎಂದಳು. ಎರಡು ದಿನ ಉಪವಾಸವಿದ್ದಳು. ಮೂರನೆಯ ದಿನ ತಡಕಾಡುತ್ತ ತಾನೇ ಒಲೆ ಹಚ್ಚಿದಳು. ಕುದಿ ಬಂದ ಸದ್ದು ಕೇಳಿ ಅನ್ನ ಇಳಿಸುವುದನ್ನು ಕಲಿತಳು. ಕಲಿಯುವಾಗ ಎರಡು ಸಲ ಕೈ ಸುಟ್ಟುಕೊಂಡಳು. ಮಗಳು ತಂದ ಅಕ್ಕಿಯನ್ನು ಮಾತ್ರ ಬೇಡವೆನ್ನಲಿಲ್ಲ. ಅಕ್ಕಿ ಬೇಯುವ ಮುಂಚೆ ಮೈಲಿಗೆಯಾಗುವುದಿಲ್ಲ.

ಚಂದ್ರಮತಿ ಈಗಲೂ ಹಿಂದಿನ ಶೆಡ್ಡಿನಲ್ಲೇ ಇದ್ದಾಳೆ. ಚರ್ಮದ ಹೇಸಿಗೆ ಹೋಯಿತೇ ಎಂದು ಕೇಳಿದವರಿಗೆ, ಇಲ್ಲ, ದಿನಾ ಬೆಳಗ್ಗೆ ಹೊಸದಾಗಿ ಬರುತ್ತದೆ ಎನ್ನುತ್ತಾಳೆ. ಸಂಜೆ ಮನೆಗೆ ಹೋದರೆ ನಡುಮನೆಯ ಬಾಗಿಲ ಹೊರಗೆ ಎಲೆ ಹಾಕಿರುತ್ತದೆ. ತಾಯಿ ಅನ್ನವನ್ನು ಮೇಲಿನಿಂದ ಬಡಿಸಿ, ಸೀರೆಯ ಅಂಚು ತಾಗದಂತೆ ಒತ್ತಿ ಹಿಡಿದು, ಹಿಂದಕ್ಕೆ ಸರಿಯುತ್ತಾಳೆ.

“ಅವಳ ಮೇಲೆ ಸಿಟ್ಟಿಲ್ಲ” ಎನ್ನುತ್ತಾಳೆ ಚಂದ್ರಮತಿ. “ನನ್ನ ಕೈ ನೋಡಿದರೆ ನನಗೇ ಊಟ ಸೇರಲ್ಲ. ಚಮಚ ಇಟ್ಟುಕೊಂಡಿದ್ದೀನಿ.”