ಜಯಕರಣ್ಣನ ‘ಆರ್’

ಜಯಕರಣ್ಣನ ಇಂಗ್ಲಿಷಿನಲ್ಲಿ ಹಿರಿಯರೆಲ್ಲರೂ ಬಹುವಚನದಲ್ಲಿಯೇ ಇರುತ್ತಿದ್ದರು. ‘ಮೈ ಮದರ್ ಆರ್ ಸ್ಲೀಪಿಂಗ್’ ಎಂದು ಅವರು ಫೋನಿನಲ್ಲಿ ಗಟ್ಟಿಯಾಗಿ ಹೇಳುವಾಗ, ಪಕ್ಕದ ಮೇಜಿನಲ್ಲಿದ್ದ ನನ್ನ ಕಿವಿ ಬಿಸಿಯಾಗುತ್ತಿತ್ತು.

ಸೌದಿಯ ರಾಸ್ ತನೂರಾದ ಗುತ್ತಿಗೆ ಕಂಪನಿಯೊಂದರ ಸುರಕ್ಷತಾ ವಿಭಾಗದಲ್ಲಿ ನಾವಿಬ್ಬರೂ ಸಹಾಯಕರು. ಕುಂದಾಪುರದ ಅವರ ತಂದೆ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿದವರು. ನಾನಾದರೋ ನಮ್ಮ ಮನೆತನದಲ್ಲಿ ಪದವಿ ಪಡೆದ ಮೊದಲಿಗ. ಮೇಷ್ಟರ ಮಗ ತಪ್ಪಿದರೆ ತಮಾಷೆ. ನಾನು ತಪ್ಪಿದರೆ ಪದವಿಯ ಮೇಲೆಯೇ ಅನುಮಾನ. ಆದ್ದರಿಂದ ಕರ್ತೃವಿಗೂ ಕ್ರಿಯಾಪದಕ್ಕೂ ಹೊಂದಿಕೆಯಾಯಿತೇ ಎಂದು ಮನಸ್ಸಿನಲ್ಲಿ ಪರೀಕ್ಷಿಸಿಯೇ ಬಾಯಿ ತೆರೆಯುತ್ತಿದ್ದೆ. ಅಷ್ಟರಲ್ಲಿ ಸಭೆಯ ಮಾತು ಮುಂದೆ ಸಾಗಿರುತ್ತಿತ್ತು.

ಒಮ್ಮೆ ತಿದ್ದಲು ಹೋದೆ. “ತಾಯಿ ಒಬ್ಬರೇ ಅಲ್ವಾ ಜಯಕರಣ್ಣ? ‘ಈಸ್’ ಬರಬೇಕು.”

“ಅಮ್ಮನಿಗೆ ‘ಈಸ್’ ಹಾಕಿದ್ರೆ ‘ಅವಳು’ ಅಂದ ಹಾಗೆ ಆಗ್ತದೆ ಮಾರಾಯ. ಅಪ್ಪ ಬೆತ್ತ ಹಿಡಿದ್ರೂ ನಾನು ಬಿಡ್ಲಿಲ್ಲ. ಇನ್ನು ನೀನೆಂತ ತಿದ್ದುದು?”

ಮೇಲ್ವಿಚಾರಕರ ಹುದ್ದೆ ತೆರವಾದಾಗ ಇಬ್ಬರೂ ಅರ್ಜಿ ಹಾಕಿದೆವು. ರಿಯಾದ್‌ನಿಂದ ಬಂದ ಅಧಿಕಾರಿಗಳ ಮುಂದೆ ನಾನು ಒಂದೂ ತಪ್ಪಿಲ್ಲದೆ ಮಾತನಾಡಿದೆ, ಅವರು ತಲೆಯಾಡಿಸಿದರು. ಬಳಿಕ ಜಯಕರಣ್ಣ ಎದ್ದರು. “ಅವರ್ ಮ್ಯಾನೇಜರ್ ಆರ್ ವೆರಿ ಸ್ಟ್ರಿಕ್ಟ್. ದೇ ನೆವರ್ ಸ್ಲೀಪ್.”

“ನಿಮಗೆ ಎಷ್ಟು ಮಂದಿ ಮ್ಯಾನೇಜರ್?” ಎಂದು ಅಧಿಕಾರಿಯೊಬ್ಬರು ಇಂಗ್ಲಿಷಿನಲ್ಲಿ ಕೇಳಿದರು.

“ಓನ್ಲಿ ಒನ್, ಸರ್. ಬಟ್ ಇನ್ ಮೈ ಲ್ಯಾಂಗ್ವೇಜ್, ಬಿಗ್ ಮ್ಯಾನ್ ಆರ್ ಮೆನಿ.”

ನಮ್ಮ ಸೌದಿ ಮ್ಯಾನೇಜರ್ ತಲೆವಸ್ತ್ರ ಜಾರುವಷ್ಟು ನಕ್ಕರು. ಹುದ್ದೆ ಯಾರಿಗೆ ಹೋಯಿತೆಂದು ಹೇಳಬೇಕಾಗಿಲ್ಲ. ‘ಮಬ್ರೂಕ್’ ಎಂದು ಅಭಿನಂದಿಸಿ ಜಯಕರಣ್ಣನ ಕೈ ಕುಲುಕಿದೆ. ಅವರು ಹಂಚಿದ ಸಿಹಿಯನ್ನು ಮಾತ್ರ ನುಂಗಲಾಗಲಿಲ್ಲ.

ಕಳೆದ ರಮದಾನ್ ಮುಗಿದ ಮೇಲೆ ಅಲ್ ಖರ್ಜ್‌ನ ಹಾಲಿನ ಕಾರ್ಖಾನೆಯೊಂದು ಅವರನ್ನು ಕರೆಯಿತು. ಕಾರಿನ ಹಿಂದೆ ಪೆಟ್ಟಿಗೆ ತುರುಕುತ್ತಾ ಹೇಳಿದರು: “ಇನ್ನು ಕುರ್ಚಿ ನಿಂದೇ ವಸಂತ. ಹೆದರ್ಬೇಡ. ಒಂದು ‘ಎಸ್’ ಬಿಟ್ಟದ್ದಕ್ಕೆ ಯಾರನ್ನೂ ಇಕಾಮಾ ಕ್ಯಾನ್ಸಲ್ ಮಾಡಿ ಊರಿಗೆ ಕಳಿಸುದಿಲ್ಲ.” ನಾನು ಅವರನ್ನು ಕಂಡದ್ದು ಅದೇ ಕೊನೆ.

ಕುರ್ಚಿ ನನ್ನದಾಯಿತು. ಮೊನ್ನೆ ನಿರ್ದುಷ್ಟವಾದ ವರದಿಯೊಂದನ್ನು ಓದಿ ಮುಗಿಸಿದೆ. ಮ್ಯಾನೇಜರ್ ಕೊನೆಯವರೆಗೂ ಕೇಳಿ, “ಜಯಕರ್ ಆರ್ ಗುಡ್? ವೆನ್ ದೇ ಆರ್ ಕಮಿಂಗ್?” ಎಂದು ವಿಚಾರಿಸಿದರು.

ಆಮೇಲೆ ಹೊಸ ಎಂಜಿನಿಯರಿಗೆ ನನ್ನನ್ನು ಪರಿಚಯಿಸಿದರು: “ದಿಸ್ ಈಸ್ ವಸಂತ್. ಹೀ ಈಸ್ ಗುಡ್.”

ವ್ಯಾಕರಣದಲ್ಲಿ ಒಂದು ತಪ್ಪೂ ಇರಲಿಲ್ಲ.