ಅಜ್ಜಿಯ ಮಡಿಲಿನ ಕೊರಡು

ಟೈರಿನಡಿ ಜಜ್ಜಿದ ನಿಂಬೆಹಣ್ಣಿನ ವಾಸನೆ ಬಂದರೆ ಈಗಲೂ ನನ್ನ ಕೈಕಾಲು ತಣ್ಣಗಾಗುತ್ತವೆ. ಮೊನ್ನೆ ಮಗಳು ಸಿಂಧು ತನ್ನ ಹೊಸ ಜೀಪಿಗೆ ಕರಿಘಟ್ಟದಲ್ಲಿ ಪೂಜೆ ಮಾಡಿಸಿದಳು. ಅರ್ಚಕರು ನಾಲ್ಕೂ ಚಕ್ರಗಳ ಮುಂದೆ ಹಣ್ಣಿಟ್ಟರು, ಗಾಡಿ ಮುಂದಕ್ಕೆ ಹೋಯಿತು, ಹಣ್ಣು ಪಚಕ್ಕೆಂದವು. ಕಲ್ಲು, ಕೆಸರು, ಹಳ್ಳ ಯಾವುದಕ್ಕೂ ಜಗ್ಗದ ಗಾಡಿಯಂತೆ. ಹತ್ತುವುದಕ್ಕೆ ನನಗೊಂದು ಮಣೆ ಬೇಕು, ಅಷ್ಟೆ. ಎಲ್ಲರೂ ನಗುತ್ತಿದ್ದಾಗ ನಾನು ಬಗ್ಗಿ ಹಿಂದಿನ ಚಕ್ರದ ಹಿಂದೆ ಏನಾದರೂ ಅಡ್ಡ ಕೊಟ್ಟಿದ್ದಾರೆಯೇ ಎಂದು ನೋಡಿದೆ.

ಪಾಂಡವಪುರದ ನಮ್ಮ ಮನೆಯ ಚಪ್ಪರದಡಿ ನಿಲ್ಲುತ್ತಿದ್ದ ತಾತನ ಕರಿ ಕಾರು ತಾತನಷ್ಟೇ ಹಳೆಯದು. ಮುಂದಿನ ಕಬ್ಬಿಣದ ಹಿಡಿ ತಿರುಗಿಸಿದರೆ ನಾಲ್ಕು ಸಲ ಕೆಮ್ಮಿ ಐದನೆಯದಕ್ಕೆ ಏಳುತ್ತಿತ್ತು. ಸೀಟಿನ ತೊಗಲಿಗೆ ಪೆಟ್ರೋಲಿನ ಜೊತೆ ಅಜ್ಜಿಯ ಎಲೆಅಡಿಕೆಯ ವಾಸನೆ. ಕೈಬ್ರೇಕು ಎಂದೋ ಸತ್ತಿತ್ತು. ಅದಕ್ಕೇ ಅಜ್ಜಿ ಹುಣಸೆಮರದ ಕೊರಡೊಂದನ್ನು ಮಡಿಲಲ್ಲಿಟ್ಟುಕೊಂಡು ಮುಂದಿನ ಸೀಟಿನಲ್ಲಿ ಕೂರುತ್ತಿದ್ದಳು. ಏರಿನಲ್ಲಿ ಕಾರು ನಿಂತರೆ ತಾತ ಕಾಲಿನ ಬ್ರೇಕು ಒತ್ತಿ ಹಿಡಿಯಬೇಕು, ಅಜ್ಜಿ ಇಳಿದು ಹಿಂದಿನ ಚಕ್ರದ ಹಿಂದೆ ಕೊರಡಿಟ್ಟು "ಬುಡಿ" ಅನ್ನಬೇಕು, ಆಮೇಲೆ ತಾತ ಕಾಲು ತೆಗೆಯಬೇಕು. ಜಗಳವಿಲ್ಲದೆ ಇಬ್ಬರೂ ಸೇರಿ ಮಾಡುತ್ತಿದ್ದ ಕೆಲಸ ಅದೊಂದೇ. ನಿಮ್ಮ ಮನೆಯ ಹಿರಿಯರಲ್ಲೂ ಅಂಥದ್ದೊಂದು ಇದ್ದಿರಬೇಕು.

ಒಂದು ಆಯುಧಪೂಜೆಯ ದಿನ ಕಾರಿನ ಪೂಜೆ ಮುಗಿಸಿ ತೊಣ್ಣೂರಿಗೆ ಹೊರಟೆವು. ಕೆರೆಯಂಚಿನ ಏರಿನಲ್ಲಿ ಎಂಜಿನ್ ಕುದಿದು ಕಾರು ನಿಂತಿತು. ಅಜ್ಜಿಯ ಮಂಡಿ ಊದಿತ್ತು. ಎಂಟು ವರ್ಷದ ನಾನು ಅವಳ ಮಡಿಲಿನಿಂದ ಕೊರಡು ಕಿತ್ತುಕೊಂಡು ಇಳಿದೆ. ಬೆಳಗ್ಗೆ ನಿಂಬೆಹಣ್ಣು ಇಟ್ಟದ್ದು ಚಕ್ರದ ಮುಂದೆ; ನಾನೂ ಮುಂದೆಯೇ ಇಟ್ಟು "ಬುಡು ತಾತಾ" ಎಂದು ಕೂಗಿದೆ. ತಾತ ಬಾನೆಟ್ ತೆರೆಯಲು ಇಳಿದದ್ದೇ ತಡ, ಕಾರು ಅಜ್ಜಿಯನ್ನು ಕೂರಿಸಿಕೊಂಡು ಹಿಂದಕ್ಕೆ, ನೀರಿನ ಕಡೆಗೆ ಹೊರಟುಬಿಟ್ಟಿತು. ಗಾಜಿನ ಹಿಂದೆ ಅವಳ ಮುಖ ಚಿಕ್ಕದಾಗುತ್ತ ಹೋಯಿತು. ಅವಳು ಕೂಗಲಿಲ್ಲ, ನನ್ನನ್ನೇ ನೋಡುತ್ತಿದ್ದಳು. ನನ್ನ ಲಂಗ ಒದ್ದೆಯಾದದ್ದು ಆಮೇಲೆ ಗೊತ್ತಾಯಿತು. ಕೊನೆಗೆ ಹಿಂದಿನ ಚಕ್ರಗಳು ಕೆಸರಿನಲ್ಲಿ ಹೂತು ಕಾರು ನಿಂತಾಗ ಫುಟ್‌ಬೋರ್ಡಿಗೆ ನೀರು ತಾಗಿತ್ತು.

ಅಜ್ಜಿಯನ್ನು ಇಳಿಸಿದ ತಾತ ನನ್ನ ಕಡೆ ತಿರುಗಿದ. ಅಜ್ಜಿ ಅಡ್ಡ ಬಂದಳು. "ಮಗೀನ ಬೋಯ್ಬ್ಯಾಡಿ. ಮುಂದ್ಕೆ ಮಡಗು ಅಂದೋಳು ನಾನೇಯ. ತಲೆ ಓಡ್ನಿಲ್ಲ."

"ಇಷ್ಟ್ ವರ್ಸ ಮಡಗಿ ಅಷ್ಟೂ ಗೊತ್ತಾಗ್ನಿಲ್ವಾ ನಿಂಗೆ? ಇನ್ಮೇಲೆ ಇಂದ್ಗಡೆ ಕುಂತ್ಕೊ ಓಗು" ಎಂದ ತಾತ.

ಕೊರಡು ಚಿಕ್ಕಪ್ಪನ ಕೈಗೆ ಹೋಯಿತು. ಕಾರು ಗುಜರಿಗೆ ಹೋಗುವವರೆಗೂ ಅಜ್ಜಿ ಹಿಂದಿನ ಸೀಟಿನಲ್ಲಿ, ಮಡಿಲಲ್ಲಿ ಏನೂ ಇಲ್ಲದೆ ಕೂತಳು. ನಾನು ಬಾಯಿಬಿಟ್ಟಿದ್ದರೆ ಅವಳ ಜಾಗ ಅವಳಿಗೆ ಸಿಗುತ್ತಿತ್ತು. ಹೆದರಿಕೊಂಡು ಸುಮ್ಮನಿದ್ದೆ. ತಾತ ಹೋದಮೇಲೂ, ಅಜ್ಜಿ ಹೋಗುವ ಮುಂಚೆಯೂ ಸುಮ್ಮನೇ ಇದ್ದೆ.

ಮೊನ್ನೆ ಪೂಜೆಯಾದಮೇಲೆ ಸಿಂಧು ತೊಣ್ಣೂರಿಗೂ ಗಾಡಿ ತಿರುಗಿಸಿದಳು. ಅದೇ ಏರಿನಲ್ಲಿ ಬೇಕೆಂದೇ ನಿಲ್ಲಿಸಿ, "ಬ್ರೇಕಿಂದ ಕಾಲ್ ತೆಗುದ್ರೂ ಇಂದಕ್ ಓಗಲ್ಲ, ನೋಡಮ್ಮ" ಎಂದು ಕಾಲೆತ್ತಿದಳು. ಮುಂದಿನ ಸೀಟಿನಲ್ಲಿದ್ದ ನಾನು ಆಗಲೇ ಬಾಗಿಲು ತೆಗೆದುಬಿಟ್ಟಿದ್ದೆ. ಬಾಗಿಲು ತೆರೆದಿದೆಯೆಂದು ಗಾಡಿ ಕಿಣಿಕಿಣಿ ಬಡಿದುಕೊಂಡಿತು, ನನ್ನ ಕೈ ಮಡಿಲನ್ನು ತಡಕುತ್ತಿತ್ತು. ಗಾಡಿ ಒಂದಂಗುಲವೂ ಅಲುಗಲಿಲ್ಲ. ಕನ್ನಡಿಯ ತುಂಬ ಕೆರೆಯ ನೀರು.

"ನಮ್ಮಜ್ಜಿ ಮಡಗು ಅಂತ ಏನೂ ಅಂದಿರ್ನಿಲ್ಲ ಕಣೆ" ಎಂದೆ. "ಕೊರಡ ಮುಂದ್ಕೆ ಮಡಗ್ದೋಳು ನಾನೇ."

"ಯಾವ ಕೊರಡಮ್ಮ?"

ನಾನು ಇಳಿದು ಹಿಂದಿನ ಸೀಟಿಗೆ ಹೋಗಿ ಕೂತೆ.